ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಸಲ್ಲೇಖನ

ಸಂಸಾರಿ ಜೀವಕ್ಕೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಅನಾದಿಯಿಂದ ಅಂಟಿಕೊಂಡು ಬಂದಿವೆ ಎಂದು ಆಗಮಗಳು ಸಾರುತ್ತವೆ. ಇವುಗಳಲ್ಲಿ ಆಹಾರವನ್ನು ಮೊದಲು ಹೇಳಿ ಭಯವನ್ನು ಅದರ ಬೆನ್ನಿಗೇ ಹೇಳಿರುವುದು ಮನನಯೋಗ್ಯವಾಗಿದೆ. ಹಸಿವಿನಿಂದ ಕಂಗೆಡುವವನು ಮರಣಕ್ಕೂ ಕಂಗೆಡುತ್ತಾನೆ. ಎರಡರ ಮೂಲವೂ ಒಂದೇ. ಶರೀರವೇ ತಾನು ಎಂಬ ಭ್ರಾಂತಿ. ಆದುದರಿಂದಲೇ ಆಚಾರ್ಯರು ಮರಣಭಯಕ್ಕೆ ಮದ್ದನ್ನು ಮರಣಕಾಲದಲ್ಲಿ ಹುಡುಕಬೇಡಿರೆಂದು ಬೋಧಿಸಿ, ಆರೋಗ್ಯದ ದಿನಗಳಲ್ಲಿಯೇ ಅನಶನಾದಿ ತಪಗಳನ್ನು ಅಭ್ಯಾಸ ಮಾಡಬೇಕೆಂದು ವಿಧಿಸಿದರು. ಈ ಬೋಧನೆಯು ಗ್ರಂಥದ ಮಾತಾಗಿ ಉಳಿಯದೆ ಒಂದು ಜೀವನದಲ್ಲಿ ಆದಿಯಿಂದ ಅಂತ್ಯದವರೆಗೆ ನಡೆದು ತೋರಿದ ನಿದರ್ಶನವೆಂದರೆ ಇಪ್ಪತ್ತನೆಯ ಶತಮಾನದ ಪ್ರಥಮ ದಿಗಂಬರಾಚಾರ್ಯರೆಂದು ಖ್ಯಾತರಾದ ಪರಮಪೂಜ್ಯ ಶ್ರೀ ಶಾಂತಿಸಾಗರ ಮಹಾರಾಜರ ಪಾವನ ಚರಿತ್ರೆ.

ಮಹಾರಾಜರು 1872ರಲ್ಲಿ ತಮ್ಮ ತಾಯಿಯ ತವರೂರಾದ ಯಳಗುಳದಲ್ಲಿ ಜನಿಸಿದರು. ತಂದೆಯ ಊರು ಬೆಳಗಾವಿ ಜಿಲ್ಲೆಯ ಭೋಜ ಗ್ರಾಮ. ವೇದಗಂಗಾ, ದೂಧಗಂಗಾ ನದಿಗಳು ಆ ಊರಿನ ಬಳಿ ಸಂಗಮಿಸುತ್ತವೆ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮಗುವಿಗೆ ಸಾತಗೌಡ ಎಂದು ಹೆಸರಿಟ್ಟರು. ಮನೆತನದಲ್ಲಿ ಒಕ್ಕಲುತನವಿದ್ದಿತು, ಊರಿನಲ್ಲಿ ಗೌರವವಿದ್ದಿತು, ಮನೆಯೊಳಗೆ ವ್ರತನಿಯಮಗಳಿದ್ದವು.

ಮರಣದ ಪರಿಚಯವು ಸಾತಗೌಡರಿಗೆ ಎಳವೆಯಲ್ಲಿಯೇ ಆಯಿತು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ವಿವಾಹವನ್ನು ನೆರವೇರಿಸಲಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲವಧುವು ತೀರಿಕೊಂಡಳು. ಮುಂದೆ ಪ್ರಾಯಕ್ಕೆ ಬಂದಾಗ ಮರುವಿವಾಹದ ಮಾತು ಬಂದರೂ ಅವರು ಒಪ್ಪಲಿಲ್ಲ, ಬ್ರಹ್ಮಚರ್ಯದಲ್ಲಿಯೇ ಉಳಿದರು. ಹದಿನೆಂಟನೆಯ ವಯಸ್ಸಿನ ಸುಮಾರಿಗೆ ಅವರ ಮನಸ್ಸು ಮುನಿದೀಕ್ಷೆಯ ಕಡೆಗೆ ತಿರುಗಿದ್ದಿತು. ಆದರೆ ತಾವು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂಬುದು ತಂದೆಯ ಅಪೇಕ್ಷೆಯಾಗಿದ್ದಿತು. ಸಾತಗೌಡರು ಆ ಮಾತಿಗೆ ತಲೆಬಾಗಿದರು.

ಹೀಗೆ ಅವರು ಎರಡು ದಶಕಗಳಿಗೂ ಮಿಕ್ಕಿ ಮನೆಯಲ್ಲಿದ್ದೇ ವಿರಕ್ತರಾಗಿ ಬಾಳಿದರು. ಅಂಗಡಿಯಲ್ಲಿ ಕುಳಿತರೂ ಲಾಭನಷ್ಟದಲ್ಲಿ ಮನಸ್ಸಿಡಲಿಲ್ಲ. ಹೊಲದಲ್ಲಿ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರೆಂದು ಆ ಸೀಮೆಯ ಜನ ಹೇಳಿಕೊಂಡು ಬಂದಿದ್ದಾರೆ. ಬಲಿಷ್ಠ ಶರೀರದವರಾದ ಅವರು, ಆ ಕಡೆಗೆ ಬಂದ ಮುನಿ ಆದಿಸಾಗರರನ್ನು ಹೆಗಲ ಮೇಲೆ ಹೊತ್ತು ನದಿಯನ್ನು ದಾಟಿಸಿದ ಸಂಗತಿಯೂ ಪ್ರಸಿದ್ಧವಾಗಿದೆ. ಮುನಿಯನ್ನು ಹೊಳೆ ದಾಟಿಸುವಾಗ ತಮ್ಮನ್ನು ಸಂಸಾರಸಾಗರದಿಂದ ದಾಟಿಸಬೇಕೆಂದು ಅವರು ಮನದಲ್ಲಿ ಬೇಡಿಕೊಂಡರೆಂದು ಭಕ್ತರು ಸ್ಮರಿಸುತ್ತಾರೆ.

1912ರ ವೇಳೆಗೆ ತಂದೆತಾಯಿಗಳಿಬ್ಬರೂ ಕಾಲವಶರಾದರು. ಸಾತಗೌಡರು ಅವರ ಸೇವೆಯನ್ನು ಕೊನೆಯವರೆಗೂ ಮಾಡಿದರು. ವೃದ್ಧರ ಮರಣಶಯ್ಯೆಯ ಬಳಿ ಕುಳಿತು ಪಂಚನಮಸ್ಕಾರವನ್ನು ಕೇಳಿಸುವುದು, ಮೋಹದ ಮಾತುಗಳನ್ನು ಆಡದೆ ಧರ್ಮವನ್ನು ನೆನಪಿಸುವುದು ಶ್ರಾವಕನ ಕರ್ತವ್ಯ. ಅನ್ಯರ ಮರಣವನ್ನು ಹೀಗೆ ಹತ್ತಿರದಿಂದ ಕಂಡು, ಕಲಿತು, ಅನಂತರ ತನ್ನ ಮರಣಕ್ಕೆ ಸಿದ್ಧನಾಗುವುದು ಸಹಜವಾದ ಕ್ರಮ. ಆ ಕ್ರಮವೇ ಇಲ್ಲಿಯೂ ನಡೆಯಿತು. ಋಣ ತೀರಿದ ಮೇಲೆ ಅವರನ್ನು ಮನೆಗೆ ಕಟ್ಟಿಹಾಕುವ ಹಗ್ಗ ಯಾವುದೂ ಉಳಿಯಲಿಲ್ಲ.

1914ರಲ್ಲಿ ಉತ್ತೂರಿನಲ್ಲಿ ದೇವಪ್ಪಸ್ವಾಮಿಗಳೆಂದು ಪ್ರಸಿದ್ಧರಾದ ಮುನಿ ದೇವೇಂದ್ರಕೀರ್ತಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು. ಆಗ ಅವರ ವಯಸ್ಸು ನಾಲ್ವತ್ತನ್ನು ದಾಟಿದ್ದಿತು. ಮುಂದೆ ಗಿರನಾರ ಕ್ಷೇತ್ರಕ್ಕೆ ಹೋಗಿ ಭಗವಾನ್ ನೇಮಿನಾಥರ ಸನ್ನಿಧಿಯಲ್ಲಿ ಐಲಕ ವ್ರತವನ್ನು ಸ್ವೀಕರಿಸಿದರು. 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ನಿರ್ಗ್ರಂಥ ಮುನಿದೀಕ್ಷೆಯನ್ನು ಹೊಂದಿದರು. 1924ರಲ್ಲಿ ಸಾಂಗಲಿ ಸೀಮೆಯ ಸಮಡೋಳಿಯಲ್ಲಿ ಚತುಸ್ಸಂಘವು ಅವರಿಗೆ ಆಚಾರ್ಯ ಪದವಿಯನ್ನು ಅರ್ಪಿಸಿತು. ಅವರ ಅಣ್ಣ ದೇವಗೌಡರೂ ಮುಂದೆ ದೀಕ್ಷೆಗೊಂಡು ವರ್ಧಮಾನಸಾಗರ ಮುನಿಗಳಾದರು.

ಆ ಕಾಲದಲ್ಲಿ ದಿಗಂಬರ ಮುನಿಗಳು ಕೈಬೆರಳೆಣಿಕೆಯಷ್ಟಿದ್ದರು. ಇದ್ದವರ ಆಚಾರದಲ್ಲಿಯೂ ದೇಶಕಾಲಗಳ ಒತ್ತಡದಿಂದ ಸಡಿಲಿಕೆಗಳು ಸೇರಿಕೊಂಡಿದ್ದವು. ಇಂಥ ಮನೆಯಲ್ಲಿ ಇಂದು ಆಹಾರವೆಂದು ಮುಂಚಿತವಾಗಿ ಗೊತ್ತುಮಾಡಿ ಕರೆದೊಯ್ಯುವ ಪದ್ಧತಿ ಅವುಗಳಲ್ಲೊಂದು. ಶಾಸ್ತ್ರದ ಪ್ರಕಾರ ಮುನಿಗೆ ಉದ್ದಿಷ್ಟ ಆಹಾರವು ವರ್ಜ್ಯ. ಮಹಾರಾಜರು ಕ್ಷುಲ್ಲಕರಾಗಿದ್ದಾಗಲೇ ಈ ಪದ್ಧತಿಯನ್ನು ನಿರಾಕರಿಸಿದರು. ವಿಧಿಯನ್ನರಿಯದ ಶ್ರಾವಕರು ಸರಿಯಾಗಿ ಪ್ರತಿಗ್ರಹಣ ಮಾಡದಿದ್ದ ದಿನಗಳಲ್ಲಿ ಆಹಾರವಿಲ್ಲದೆ ಹಿಂದಿರುಗಿ ಉಪವಾಸ ಮಾಡಿದರು. ಯಾರನ್ನೂ ಬಯ್ಯಲಿಲ್ಲ, ತಮ್ಮ ಹಸಿವಿನಿಂದಲೇ ಸಮಾಜಕ್ಕೆ ಏಷಣಾ ಸಮಿತಿಯ ಪಾಠವನ್ನು ಕಲಿಸಿದರು. ಕೆಲವೇ ವರ್ಷಗಳಲ್ಲಿ ಊರೂರುಗಳ ಶ್ರಾವಕಶ್ರಾವಿಕೆಯರು ಶುದ್ಧ ಆಹಾರದಾನದ ವಿಧಿಯನ್ನು ಮರಳಿ ಕಲಿತರು.

1927ರಲ್ಲಿ ಸಂಘಸಮೇತರಾಗಿ ದಕ್ಷಿಣದಿಂದ ಹೊರಟು ಕಾಲ್ನಡಿಗೆಯಲ್ಲಿ ಸಮ್ಮೇದ ಶಿಖರಜಿಯನ್ನು ತಲಪಿದುದು, ಬಹುಕಾಲದಿಂದ ದಿಗಂಬರ ಮುನಿಸಂಘದ ವಿಹಾರವನ್ನೇ ಕಾಣದಿದ್ದ ಉತ್ತರದೇಶದಲ್ಲಿ ದಿಲ್ಲಿಯವರೆಗೂ ಸಂಚರಿಸಿ ಮುನಿಮಾರ್ಗವನ್ನು ಪುನಃ ಪ್ರಕಾಶಗೊಳಿಸಿದುದು ಇತಿಹಾಸಪ್ರಸಿದ್ಧ ಸಂಗತಿ.

ಈ ಎಲ್ಲ ವಿಹಾರದ ನಡುವೆ ಅವರ ಉಪವಾಸಗಳು ನಿಲ್ಲಲಿಲ್ಲ. ದಿಗಂಬರ ಮುನಿಯ ಉಪವಾಸವೆಂದರೆ ಅನ್ನದ ತ್ಯಾಗ ಮಾತ್ರವಲ್ಲ, ನೀರಿನ ತ್ಯಾಗವೂ ಹೌದು. ಉಪವಾಸವಿಲ್ಲದ ದಿನದಲ್ಲಿಯೂ ನಿಂತು, ಕೈಯನ್ನೇ ಪಾತ್ರೆಯಾಗಿಸಿಕೊಂಡು, ಒಂದೇ ಹೊತ್ತು ಆಹಾರ; ನೀರೂ ಆಗಲೇ. ಅಂತರಾಯ ಬಂದರೆ ಅದೂ ಇಲ್ಲ. ಚಾರಿತ್ರಶುದ್ಧಿ ವ್ರತದಲ್ಲಿ 1234 ಉಪವಾಸಗಳು, ಮೂವತ್ತು ಚೌವೀಸಿ ವ್ರತದಲ್ಲಿ ಮೂವತ್ತು ಚತುರ್ವಿಂಶತಿಗಳ ತೀರ್ಥಂಕರರಿಗೆ ಒಂದೊಂದರಂತೆ 720 ಉಪವಾಸಗಳು. ಇವನ್ನೂ, ಸಿಂಹನಿಷ್ಕ್ರೀಡಿತದಂಥ ಕಠಿಣ ವ್ರತಗಳನ್ನೂ ಮಹಾರಾಜರು ಆಚರಿಸಿದರು. ಅವರ 35 ವರ್ಷಗಳ ಮುನಿಜೀವನದಲ್ಲಿ ಉಪವಾಸದ ದಿನಗಳು 9938 ಎಂದು ಭಕ್ತರು ಲೆಕ್ಕವಿಟ್ಟಿದ್ದಾರೆ. ಅಂದರೆ ಇಪ್ಪತ್ತೇಳು ವರ್ಷಗಳಷ್ಟು ಕಾಲ. ಮೂರು ದಿನಗಳಲ್ಲಿ ಎರಡಕ್ಕಿಂತ ಹೆಚ್ಚು ದಿನ ಅವರು ನಿರಾಹಾರರಾಗಿದ್ದರೆಂದು ಇದರಿಂದ ತಿಳಿಯುತ್ತದೆ.

ಭಯ ಸಂಜ್ಞೆಯ ಜಯವೂ ಇದರ ಜೊತೆಜೊತೆಗೆ ನಡೆಯಿತು. ಗೋಕಾಕ ಸೀಮೆಯ ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಅವರ ಮೈಮೇಲೆ ಹರಿದು ಸುತ್ತಿಕೊಂಡಿತೆಂದೂ ಅವರು ಅಲುಗಲಿಲ್ಲವೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ಶಾಸ್ತ್ರಗಳಲ್ಲಿ ಹೇಳಿದ ಸಪ್ತಭಯಗಳಲ್ಲಿ ಮರಣಭಯವೂ ಪರಲೋಕಭಯವೂ ಬೇರೆ ಬೇರೆಯಾಗಿ ಎಣಿಕೆಯಾಗಿವೆ. ಸಾಯುತ್ತೇನೆಂಬ ಅಂಜಿಕೆ ಒಂದು, ಸತ್ತ ಮೇಲೆ ಏನಾಗುವೆನೋ ಎಂಬ ಅಂಜಿಕೆ ಇನ್ನೊಂದು. ದೇಹವು ತನ್ನದಲ್ಲವೆಂದು ತಿಳಿದವನಿಗೆ ಮೊದಲನೆಯದು ಇಲ್ಲ. ತಾನು ಮಾಡಿದುದನ್ನೇ ತಾನು ಅನುಭವಿಸುವೆನೆಂದು ಒಪ್ಪಿ ಶುದ್ಧವಾಗಿ ನಡೆದವನಿಗೆ ಎರಡನೆಯದೂ ಇಲ್ಲ.

ಮಹಾರಾಜರು ಕೈಗೊಂಡ ಆಹಾರತ್ಯಾಗಗಳಲ್ಲಿ ಒಂದು ಮಾತ್ರ ಬೇರೆ ತರದ್ದು. 1947ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಂದ ಹರಿಜನ ದೇವಾಲಯ ಪ್ರವೇಶದ ಕಾಯಿದೆಯನ್ನು ಜಿನಮಂದಿರಗಳಿಗೂ ಅನ್ವಯಿಸಿದಾಗ, ಜೈನಧರ್ಮವು ಸ್ವತಂತ್ರ ಧರ್ಮವೆಂಬ ನಿಲುವಿನಿಂದ ಅವರು 1948ರಲ್ಲಿ ಧಾನ್ಯಾಹಾರವನ್ನು ಬಿಟ್ಟರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದ ಮೇಲೆಯೇ ಮತ್ತೆ ಧಾನ್ಯವನ್ನು ಸ್ವೀಕರಿಸಿದರು. ಮಂದಿರಪ್ರವೇಶದ ಈ ವಿವಾದದ ಬಗೆಗೆ ಸಮಾಜದ ಒಳಗೂ ಹೊರಗೂ ಭಿನ್ನಾಭಿಪ್ರಾಯಗಳು ಇದ್ದವು, ಇವೆ. ಇಲ್ಲಿ ಗಮನಿಸಬೇಕಾದುದು ತ್ಯಾಗದ ಸ್ವರೂಪವನ್ನು. ಆ ತ್ಯಾಗಕ್ಕೆ ಲೌಕಿಕವಾದ ಒಂದು ಗುರಿಯಿದ್ದಿತು. ಗುರಿ ಕೈಗೂಡಿದಾಗ ಅದು ಮುಗಿಯಿತು. ನಾಲ್ಕು ವರ್ಷಗಳ ಅನಂತರ ಅವರು ಕೈಗೊಂಡ ತ್ಯಾಗದಲ್ಲಿ ಯಾರಿಂದಲೂ ಏನನ್ನೂ ಕೇಳುವುದಿರಲಿಲ್ಲ. ಸತ್ಯಾಗ್ರಹದ ಉಪವಾಸವನ್ನೂ ಸಲ್ಲೇಖನವನ್ನೂ ಒಂದೇ ಎಂದು ತಿಳಿಯುವವರು ಈ ಎರಡು ಪ್ರಸಂಗಗಳನ್ನು ಹೋಲಿಸಿ ನೋಡಬೇಕು.

ದೇಹದ ಬಗೆಗೆ ಇಷ್ಟು ನಿರ್ಮಮರಾಗಿದ್ದ ಮಹಾರಾಜರು ಶ್ರುತದ ವಿಷಯದಲ್ಲಿ ತುಂಬ ಕಾಳಜಿಯುಳ್ಳವರಾಗಿದ್ದರು. ಮೂಡಬಿದಿರೆಯ ತಾಡವಾಲೆಗಳಲ್ಲಿದ್ದ ಸಿದ್ಧಾಂತ ಗ್ರಂಥಗಳ ಕೆಲವು ಭಾಗಗಳು ಹುಳುಹಿಡಿದು ನಷ್ಟವಾಗಿವೆಯೆಂದು ತಿಳಿದು ಅವರು ವ್ಯಥೆಪಟ್ಟರು. ಅವರ ಪ್ರೇರಣೆಯಿಂದ ಧವಲ, ಜಯಧವಲ, ಮಹಾಧವಲಗಳನ್ನು ತಾಮ್ರಪಟಗಳಲ್ಲಿ ಕೊರೆಯಿಸುವ ಕಾರ್ಯವು 1940ರ ದಶಕದಲ್ಲಿ ಆರಂಭವಾಯಿತು. ಶರೀರವೂ ತಾಡವಾಲೆಯಂತೆ ಒಂದು ದಿನ ಜೀರ್ಣವಾಗುವುದೇ. ಓಲೆಯು ಅಳಿಯುವ ಮೊದಲು ಅದರಲ್ಲಿರುವ ಜ್ಞಾನವನ್ನು ಉಳಿಸಿಕೊಳ್ಳಬೇಕು. ಶರೀರವು ಅಳಿಯುವ ಮೊದಲು ಅದರಿಂದ ಸಾಧಿಸಿದ ರತ್ನತ್ರಯವನ್ನು ಕಾಪಾಡಿಕೊಳ್ಳಬೇಕು. ಸಲ್ಲೇಖನದ ಉದ್ದೇಶವೂ ಇಷ್ಟೇ.

ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಲ್ಲಿ ಯಾವುದಾದರೂ ಒದಗಿ ಧರ್ಮವನ್ನು ನಡೆಸುವುದೇ ಅಸಾಧ್ಯವಾದಾಗ, ಧರ್ಮವನ್ನು ಬಿಡದೆ ಶರೀರವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ನಿರೂಪಿಸಿದ್ದಾರೆ. ಪರಿಹಾರವಿಲ್ಲದ ಎಂಬ ಮಾತು ಮುಖ್ಯವಾದುದು. ದುಃಖದಿಂದ, ಕೋಪದಿಂದ, ಅವಮಾನದಿಂದ ಪ್ರಾಣವನ್ನು ತೊರೆಯುವುದು ಕಷಾಯದ ಕೃತ್ಯ. ಅದು ಆತ್ಮಘಾತ, ಮಹಾಪಾಪ. ಸಲ್ಲೇಖನದಲ್ಲಿ ಮೊದಲು ಕೃಶವಾಗಬೇಕಾದುದು ಕಷಾಯ, ಅನಂತರ ಕಾಯ. ಗುರುವಿನ ಅನುಮತಿಯಿಲ್ಲದೆ, ಕ್ರಮವಾದ ಅಭ್ಯಾಸವಿಲ್ಲದೆ, ಎಲ್ಲರಲ್ಲಿಯೂ ಕ್ಷಮೆ ಬೇಡದೆ ಇದನ್ನು ಸ್ವೀಕರಿಸುವಂತಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿದಾಗ ದೇಶದ ಜೈನರೆಲ್ಲರೂ ಕಳವಳಗೊಂಡರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಭೇದವನ್ನು ಅರಿಯಬಯಸುವವರಿಗೆ ಮಹಾರಾಜರ ಅಂತಿಮ ದಿನಗಳೇ ಸಾಕ್ಷಿಯಾಗಿವೆ.

ಎಂಬತ್ತು ದಾಟಿದ ಮೇಲೆ ಮಹಾರಾಜರ ದೃಷ್ಟಿಯು ಮಂದವಾಗುತ್ತ ಬಂದಿತು. ಗೃಹಸ್ಥನಿಗೆ ಕಣ್ಣು ಕಾಣದಿದ್ದರೆ ಮಕ್ಕಳು ಕೈಹಿಡಿದು ನಡೆಸುತ್ತಾರೆ. ಮುನಿಯ ಸ್ಥಿತಿ ಹಾಗಲ್ಲ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಅಡಿಯಿಡುವುದು ಈರ್ಯಾಸಮಿತಿ. ಅಂಗೈಯಲ್ಲಿಟ್ಟ ತುತ್ತನ್ನು ಶೋಧಿಸಿ ಉಣ್ಣುವುದು ಏಷಣಾ ಸಮಿತಿ. ಪಿಂಛಿಯಿಂದ ಸವರಿ, ಕಣ್ಣಿನಿಂದ ನೋಡಿ ವಸ್ತುವನ್ನು ಎತ್ತಿಡುವುದು ಆದಾನನಿಕ್ಷೇಪಣ ಸಮಿತಿ. ದೃಷ್ಟಿ ಹೋದ ಮೇಲೆ ಇವು ಮೂರೂ ಕೆಡುತ್ತವೆ. ಇರುವೆಯೊಂದು ಪಾದದಡಿ ಸಿಕ್ಕಿದರೂ ತಿಳಿಯುವುದಿಲ್ಲ. ಕಣ್ಣಿನ ಶಕ್ತಿ ಕುಂದಿದ ಮೇಲೆ ಅಹಿಂಸಾ ಮಹಾವ್ರತವನ್ನು ನಿರ್ದೋಷವಾಗಿ ಪಾಲಿಸಲು ಆಗದೆಂದು ಮಹಾರಾಜರು ನಿಶ್ಚಯಿಸಿದರು. ತಮ್ಮ ಬದುಕಿಗಾಗಿ ಕ್ಷುದ್ರಜೀವಿಗಳ ಬದುಕನ್ನು ಬಲಿಗೊಡಲು ಅವರು ಸಿದ್ಧರಿರಲಿಲ್ಲ.

1955ರ ಚಾತುರ್ಮಾಸವು ಕುಲಭೂಷಣ, ದೇಶಭೂಷಣ ಮುನಿಗಳು ಮುಕ್ತಿಪಡೆದ ಸಿದ್ಧಕ್ಷೇತ್ರ ಕುಂಥಲಗಿರಿಯಲ್ಲಿ ನಡೆಯುತ್ತಿದ್ದಿತು. ಆಗಸ್ಟ್ 14ರಿಂದ ಮಹಾರಾಜರು ಆಹಾರವನ್ನು ತ್ಯಜಿಸಿದರು. ಅವಧಿಯನ್ನು ಇಟ್ಟುಕೊಂಡು ಮಾಡುವ ತ್ಯಾಗವು ನಿಯಮ. ಜೀವವಿರುವವರೆಗಿನ ತ್ಯಾಗವು ಯಮ. ಅವರು ಕೈಗೊಂಡುದು ಯಮ ಸಲ್ಲೇಖನ. ಮೊದಮೊದಲು ನೀರನ್ನು ಮಾತ್ರ ಅಪರೂಪವಾಗಿ ಸ್ವೀಕರಿಸಿ, ಕೊನೆಯ ದಿನಗಳಲ್ಲಿ ಅದನ್ನೂ ಬಿಟ್ಟರು.

ಸುದ್ದಿ ಹರಡುತ್ತಲೇ ಮಹಾರಾಷ್ಟ್ರ, ಕರ್ನಾಟಕಗಳಿಂದಲೂ ದೂರದ ಉತ್ತರದೇಶದಿಂದಲೂ ಜನರು ಕುಂಥಲಗಿರಿಗೆ ಬಂದು ಸೇರಿದರು. ಅನೇಕರು ಅತ್ತರು. ಸಂಘಕ್ಕೆ ಆಧಾರವಾಗಿ ಇನ್ನೂ ಕೆಲವು ಕಾಲ ಇರಬೇಕೆಂದು ಬೇಡಿಕೊಂಡರು. ಭಕ್ತರ ಈ ದುಃಖವು ಸಹಜವಾದುದು, ಆದರೆ ಕ್ಷಪಕನಿಗೆ ಅದೇ ದೊಡ್ಡ ಪರೀಕ್ಷೆ. ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಇನ್ನೂ ಬದುಕಬೇಕೆಂಬ ಬಯಕೆ ಜೀವಿತಾಶಂಸೆ. ನೋವು ತಾಳಲಾರದೆ ಬೇಗ ಸಾಯಬೇಕೆಂಬ ಬಯಕೆ ಮರಣಾಶಂಸೆ. ಒಡನಾಡಿದವರ ಮೇಲಿನ ನಂಟು ಮಿತ್ರಾನುರಾಗ. ಹಿಂದೆ ಉಂಡ ಸುಖವನ್ನು ನೆನೆಯುವುದು ಸುಖಾನುಬಂಧ. ಮುಂದಿನ ಭವದಲ್ಲಿ ಭೋಗವು ದೊರೆಯಲೆಂಬ ಹಂಬಲ ನಿದಾನ.

ಮಹಾರಾಜರ ಮೂವತ್ತಾರು ದಿನಗಳನ್ನು ಈ ಐದು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡಬಹುದು. ಭಕ್ತರ ಕಣ್ಣೀರಿಗೆ ಕರಗಿ ಅವರು ನಿಶ್ಚಯವನ್ನು ಬದಲಿಸಲಿಲ್ಲ. ಮರಣವನ್ನು ಅವಸರಪಡಿಸುವ ಯಾವ ಕ್ರಿಯೆಯನ್ನೂ ಮಾಡಲಿಲ್ಲ. ದಿನಗಳು ಒಂದೊಂದಾಗಿ ಬಂದಂತೆ ಸ್ವೀಕರಿಸಿದರು. ಮೂವತ್ತೊಂದು ವರ್ಷ ಹೊತ್ತ ಆಚಾರ್ಯ ಪದವಿಯನ್ನು ಆಗಸ್ಟ್ ಮಾಸದಲ್ಲಿಯೇ ತ್ಯಜಿಸಿ, ಜಯಪುರದಲ್ಲಿದ್ದ ತಮ್ಮ ಶಿಷ್ಯ ವೀರಸಾಗರ ಮುನಿಗಳಿಗೆ ಪತ್ರಮುಖೇನ ಒಪ್ಪಿಸಿದರು. ಸಂಘದ ಮಮತೆಯೂ ಪರಿಗ್ರಹವೇ ಎಂಬುದನ್ನು ಈ ಕೃತಿಯಿಂದ ತೋರಿಸಿದರು. ಎಲ್ಲರಿಗೂ ಕ್ಷಮೆ ನೀಡಿ ಎಲ್ಲರಿಂದಲೂ ಕ್ಷಮೆ ಪಡೆದರು.

ಸೆಪ್ಟೆಂಬರ್ 8, ಸಲ್ಲೇಖನದ ಇಪ್ಪತ್ತಾರನೆಯ ದಿನ. ಅಂದು ಮಹಾರಾಜರು ಮರಾಠಿ ಭಾಷೆಯಲ್ಲಿ ತಮ್ಮ ಅಂತಿಮ ಉಪದೇಶವನ್ನು ನೀಡಿದರು. ಅದನ್ನು ಧ್ವನಿಮುದ್ರಣ ಮಾಡಿಕೊಳ್ಳಲಾಯಿತು. ಇಪ್ಪತ್ತೈದು ದಿನ ಅನ್ನವಿಲ್ಲದ ವೃದ್ಧ ಶರೀರದಿಂದ ಬಂದ ಆ ಮಾತುಗಳಲ್ಲಿ ತಮ್ಮ ಬಗೆಗಿನ ಚಿಂತೆಯಿರಲಿಲ್ಲ. ಜೀವವು ಬೇರೆ, ಪುದ್ಗಲವು ಬೇರೆ ಎಂಬುದನ್ನು ನಂಬಬೇಕೆಂದೂ, ದಿನಕ್ಕೆ ಸ್ವಲ್ಪ ಹೊತ್ತಾದರೂ ಆತ್ಮಚಿಂತನೆ ಮಾಡಬೇಕೆಂದೂ, ಸತ್ಯ ಅಹಿಂಸೆಗಳನ್ನು ಬಿಡಬಾರದೆಂದೂ, ಸಂಯಮವನ್ನು ಸ್ವೀಕರಿಸಲು ಅಂಜಬಾರದೆಂದೂ ಅವರು ತಿಳಿಸಿದರು. ಮರಣದ ಹೊಸ್ತಿಲಲ್ಲಿ ನಿಂತವರು ಬದುಕಿರುವವರಿಗೆ ಅಂಜಬೇಡಿರೆಂದು ಅಭಯವಿತ್ತುದು ವಿಚಾರಯೋಗ್ಯವಾದ ಸಂಗತಿ.

ಹೀಗೆ ದೇಹವನ್ನು ಬಿಡುವ ಜೀವವು ಮುಂದೆ ಎಲ್ಲಿಗೆ ಹೋಗುತ್ತದೆ? ಆಗಮದ ಉತ್ತರವು ಸ್ಪಷ್ಟವಾಗಿದೆ. ಔದಾರಿಕ ಶರೀರವು ಇಲ್ಲಿಯೇ ಉಳಿಯುತ್ತದೆ. ತೈಜಸ, ಕಾರ್ಮಣ ಎಂಬ ಸೂಕ್ಷ್ಮ ಶರೀರಗಳು ಜೀವದೊಡನೆ ಹೋಗುತ್ತವೆ. ತಿರುವುಗಳುಳ್ಳ ವಿಗ್ರಹಗತಿಯಲ್ಲಿಯೂ ನಾಲ್ಕನೆಯ ಸಮಯದೊಳಗೆ ಜೀವವು ಹೊಸ ಜನ್ಮಸ್ಥಾನವನ್ನು ಸೇರಿಬಿಡುತ್ತದೆ. ಆ ದಾರಿಯಲ್ಲಿ ಒಂದು, ಎರಡು ಅಥವಾ ಮೂರು ಸಮಯಗಳ ಕಾಲ ಅದು ಅನಾಹಾರಕವಾಗಿರುತ್ತದೆ. ಅಷ್ಟು ಅಲ್ಪಕಾಲವನ್ನು ಬಿಟ್ಟರೆ ಸಂಸಾರಿ ಜೀವವು ಭವಭವಗಳಲ್ಲಿಯೂ ಪುದ್ಗಲವನ್ನು ಆಹಾರವಾಗಿ ಸೆಳೆದುಕೊಳ್ಳುತ್ತಲೇ ಇರುತ್ತದೆ. ಸೆಳೆತಕ್ಕೆ ಕಾರಣ ಕರ್ಮ, ಕರ್ಮಕ್ಕೆ ಕಾರಣ ಕಷಾಯ. ಆದುದರಿಂದ ಕಡೆಗಾಲದಲ್ಲಿ ಕಷಾಯವು ಎಷ್ಟು ತಗ್ಗಿತೆಂಬುದೇ ಮುಖ್ಯ ಪ್ರಶ್ನೆ.

ಇನ್ನೂ ಒಂದು ಸಂಗತಿಯಿದೆ. ಈ ಪಂಚಮಕಾಲದಲ್ಲಿ ಭರತಕ್ಷೇತ್ರದಿಂದ ನೇರವಾಗಿ ಮೋಕ್ಷವಿಲ್ಲವೆಂದು ಶಾಸ್ತ್ರವು ಹೇಳುತ್ತದೆ. ಎಷ್ಟೇ ಉಗ್ರ ತಪಸ್ಸು ಮಾಡಿದರೂ ಈ ಭವದ ಕೊನೆಯಲ್ಲಿ ಮುಕ್ತಿಯು ದೊರೆಯದೆಂಬುದನ್ನು ಮಹಾರಾಜರು ಬಲ್ಲವರಾಗಿದ್ದರು. ಸ್ವರ್ಗದ ಸುಖವು ಬೇಕೆಂದು ಬಯಸಿದರೆ ಅದು ನಿದಾನದೋಷ. ಹಾಗಾದರೆ ಮೂವತ್ತಾರು ದಿನಗಳ ಆ ಸಾಧನೆ ಯಾವ ಫಲಕ್ಕಾಗಿ? ದರ್ಶನ, ಜ್ಞಾನ, ಚಾರಿತ್ರಗಳನ್ನು ಕೆಡದಂತೆ ಮುಂದಿನ ಭವಕ್ಕೆ ಕೊಂಡೊಯ್ಯಲು. ಒಮ್ಮೆ ಸಮಾಧಿಮರಣವನ್ನು ಸಾಧಿಸಿದ ಜೀವವು ಏಳೆಂಟು ಭವಗಳಿಗಿಂತ ಹೆಚ್ಚು ಕಾಲ ಸಂಸಾರದಲ್ಲಿ ಅಲೆಯುವುದಿಲ್ಲವೆಂದು ಭಗವತೀ ಆರಾಧನೆಯ ಕರ್ತೃ ಶಿವಾರ್ಯರು ಭರವಸೆ ಕೊಟ್ಟಿದ್ದಾರೆ. ಅನಾದಿಯಿಂದ ಅಲೆದ ಜೀವಕ್ಕೆ ಅದು ಅತ್ಯಲ್ಪ ದೂರ. ಮರಣವು ಆ ಪ್ರಯಾಣದಲ್ಲಿ ಒಂದು ಮಜಲು ಮಾತ್ರ.

1955ರ ಸೆಪ್ಟೆಂಬರ್ 18, ಭಾನುವಾರ, ಭಾದ್ರಪದ ಶುಕ್ಲ ದ್ವಿತೀಯಾ. ಬೆಳಗಿನ ಏಳು ಗಂಟೆಗೆ ಕೆಲವು ನಿಮಿಷಗಳಿರುವಾಗ ಮಹಾರಾಜರು ದೇಹವನ್ನು ವಿಸರ್ಜಿಸಿದರು. ಸಲ್ಲೇಖನದ ಮೂವತ್ತಾರನೆಯ ದಿನ ಅದು. ದಶಲಕ್ಷಣ ಪರ್ವಕ್ಕೆ ಮೂರೇ ದಿನಗಳು ಉಳಿದಿದ್ದವು. ಅವರಿಗೆ ಆಗ ಎಂಬತ್ತಮೂರು ವರ್ಷ. ಕುಂಥಲಗಿರಿಯಲ್ಲಿಯೇ ಅಂತ್ಯಸಂಸ್ಕಾರವು ನೆರವೇರಿತು.

ಕನ್ನಡನಾಡಿಗೆ ಈ ಮಾರ್ಗವು ಹೊಸದಾಗಿರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಮಾಧಿಮರಣ ಹೊಂದಿದ ಎಷ್ಟೋ ಮುನಿಗಳ, ಕಂತಿಯರ, ಶ್ರಾವಕಶ್ರಾವಿಕೆಯರ ನೆನಪುಗಳು ಕೆತ್ತಲ್ಪಟ್ಟಿವೆ. ಗಂಗ ದೊರೆ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಮೂಲದಲ್ಲಿಯೂ, ರಾಷ್ಟ್ರಕೂಟ ನಾಲ್ಕನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೂ ಹೀಗೆಯೇ ದೇಹವನ್ನು ನೀಗಿದರು. ನಿಸಿದಿಗಲ್ಲುಗಳಲ್ಲಿ ಓದುತ್ತಿದ್ದ ಆ ಚರಿತ್ರೆಯನ್ನು ಇಪ್ಪತ್ತನೆಯ ಶತಮಾನದ ಜನರು ಕಣ್ಣಾರೆ ಕಾಣುವಂತೆ ಮಾಡಿದವರು ಭೋಜ ಗ್ರಾಮದ ಆ ಒಕ್ಕಲಿಗರ ಮಗ.

ಮಹಾರಾಜರಂತೆ ಸಾಯುವುದು ಎಲ್ಲರಿಗೂ ಸಾಧ್ಯವಾಗದು. ಅವರ ಕೊನೆಯ ಮೂವತ್ತಾರು ದಿನಗಳನ್ನು ನೋಡಿ ಬೆರಗಾಗುವವರು, ಅದಕ್ಕೆ ಹಿಂದಿನ 9938 ದಿನಗಳನ್ನು ಮರೆಯಬಾರದು. ಅವುಗಳಿಗೂ ಹಿಂದೆ, ತಂದೆಯ ಮಾತಿಗಾಗಿ ತಮ್ಮ ಅಪೇಕ್ಷೆಯನ್ನು ಅದುಮಿಕೊಂಡು ಮನೆಯಲ್ಲಿ ಕಳೆದ ವರ್ಷಗಳಿವೆ. ಅಷ್ಟಮಿ ಚತುರ್ದಶಿಗಳಂದು ಒಂದು ಹೊತ್ತಿನ ಊಟವನ್ನು ಬಿಡುವ ಗೃಹಸ್ಥನೂ, ಪರ್ವದಲ್ಲಿ ಒಂದು ರಸವನ್ನು ತ್ಯಜಿಸುವ ಗೃಹಿಣಿಯೂ ಅದೇ ದಾರಿಯ ಮೊದಲ ಮೆಟ್ಟಿಲಿನ ಮೇಲಿದ್ದಾರೆ. ಆ ದಿನ ಹಸಿವಾದಾಗ ಹಸಿದುದು ಯಾರೆಂದು ಒಂದು ಕ್ಷಣ ವಿಚಾರಿಸಿದರೆ ಉಪವಾಸವು ಸಾರ್ಥಕ. ಹಸಿದುದು ದೇಹ, ತಿಳಿದುದು ಆತ್ಮ. ಈ ಭೇದವು ಇಂದು ಒಂದು ತುತ್ತಿನ ವಿಷಯದಲ್ಲಿ ಮನಗಂಡರೆ, ಮುಂದೊಂದು ದಿನ ದೇಹದ ವಿಷಯದಲ್ಲಿಯೂ ಮನಗಾಣುವುದು ಕಷ್ಟವಾಗದು.